ಹಿಮವಿಲ್ಲದ ಹಿಮಕ್ರೀಡೆ: ಒಂದು ಸ್ಪರ್ಧಾಪಟ್ಟಿಗೆ ವ್ಯಾಖ್ಯಾನ

ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಲ್ಲಿ, ಝೆಕ್ ಗಡಿಯ ಪಕ್ಕದಲ್ಲೇ ಓಬರ್‌ವೀಸೆಂಟಾಲ್ ಎಂಬ ಪುಟ್ಟ ಪಟ್ಟಣವಿದೆ. ನಾರ್ಡಿಕ್ ಕಂಬೈನ್ಡ್ ಆಟದ ಬೇಸಿಗೆ ಸ್ಪರ್ಧೆಗಳಿಗೆ ಅದು ಹಳೆಯ ನೆಲೆ. ಅಂಥ ಸ್ಪರ್ಧೆಯ ದಿನ ಆಟಗಾರರ ಕೈಗೆ ಬರುವ ಪಟ್ಟಿ ಬಹಳ ಚಿಕ್ಕದು: ಬೆಟ್ಟದ ಅಳತೆ, ಪದ್ಧತಿಯ ಹೆಸರು, ಓಟದ ದೂರ, ಕೆಲವು ಸೆಕೆಂಡುಗಳು. ಹೊಸಬರಿಗೆ ಅದು ಒಗಟು. ಅಂಥ ಪಟ್ಟಿಯಲ್ಲಿ ಬರುವ ಬಗೆಯ ಸಾಲುಗಳನ್ನು ಕನ್ನಡದಲ್ಲಿ ಬರೆದುಕೊಂಡು, ಒಂದೊಂದನ್ನೂ ಇಲ್ಲಿ ಬಿಡಿಸಿದ್ದೇನೆ.

“ನಾರ್ಡಿಕ್ ಕಂಬೈನ್ಡ್ ಬೇಸಿಗೆ ಗ್ರ್ಯಾನ್ ಪ್ರಿ, ಓಬರ್‌ವೀಸೆಂಟಾಲ್”

ಸ್ಕೀ ಕಟ್ಟಿಕೊಂಡು ಬೆಟ್ಟದಿಂದ ಗಾಳಿಗೆ ಜಿಗಿಯುವುದು ಒಂದು ವಿದ್ಯೆ. ಸ್ಕೀ ಮೇಲೆ ಮೈಲಿಗಟ್ಟಲೆ ಓಡುವುದು ಇನ್ನೊಂದು. ಎರಡನ್ನೂ ಒಬ್ಬನೇ ಮಾಡಬೇಕೆನ್ನುವ ಆಟ ನಾರ್ಡಿಕ್ ಕಂಬೈನ್ಡ್. ಜಿಗಿತಕ್ಕೆ ಹಗುರ ಮೈ ಬೇಕು, ಓಟಕ್ಕೆ ಕಸುವು ಬೇಕು. ಒಂದನ್ನು ಬೆಳೆಸಿದರೆ ಇನ್ನೊಂದು ಕುಗ್ಗುತ್ತದೆ. ಈ ಎಳೆದಾಟವೇ ಆಟದ ಜೀವ. 1924ರಲ್ಲಿ ಫ್ರಾನ್ಸಿನ ಶಾಮೋನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲೇ ಇದು ಇತ್ತು. ಅಲ್ಲಿ ಗೆದ್ದವರು ನಾರ್ವೆಯ ಥೊರ್ಲೀಫ್ ಹೌಗ್.

ಬೇಸಿಗೆ ಗ್ರ್ಯಾನ್ ಪ್ರಿ ಶುರುವಾದದ್ದು 1998ರಲ್ಲಿ. ಬೇಸಿಗೆ ಅಂದಾಕ್ಷಣ ನಮ್ಮ ಏಪ್ರಿಲ್‌, ಮೇ ನೆನೆಯಬಾರದು. ಈ ಸ್ಪರ್ಧೆಗಳು ಬಹುಮಟ್ಟಿಗೆ ಆಗಸ್ಟ್ ಕೊನೆಯಿಂದ ಮುಂದಕ್ಕೆ ನಡೆಯುತ್ತವೆ. ಇಲ್ಲಿ ಗಳಿಸಿದ ಅಂಕ ಚಳಿಗಾಲದ ವಿಶ್ವಕಪ್‌ಗೆ ಸೇರುವುದಿಲ್ಲ. ಹಾಗೆಂದು ಇದನ್ನು ಕಾಟಾಚಾರದ ಪಂದ್ಯವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಜಿಗಿತದ ಕಲೆ ಕುದುರುವುದು ಬೇಸಿಗೆಯಲ್ಲಿಯೇ. ಹಿಮ ಬೀಳುವವರೆಗೆ ಕಾದು ಕುಳಿತವನು ಹಿಮ ಬಿದ್ದಾಗ ಹಿಂದುಳಿದಿರುತ್ತಾನೆ. 2013ರಿಂದ 2017ರವರೆಗೆ ಸತತ ಐದು ಬಾರಿ ವಿಶ್ವಕಪ್ ಗೆದ್ದ ಎರಿಕ್ ಫ್ರೆಂಜೆಲ್ ಇದೇ ಸೀಮೆಯವರು, ಓಬರ್‌ವೀಸೆಂಟಾಲ್‌ನಲ್ಲೇ ಅಭ್ಯಾಸ ಮಾಡಿ ಬೆಳೆದವರು.

“ಬೆಟ್ಟ: ಎಚ್‌ಎಸ್ 106, ಪ್ಲಾಸ್ಟಿಕ್ ಹಾಸು”

ಎಚ್‌ಎಸ್ ಎಂಬುದು ಜಿಗಿತದ ಬೆಟ್ಟದ ಅಳತೆ. 106 ಎಂದರೆ ಎತ್ತರವಲ್ಲ. ಚಿಮ್ಮುವ ತುದಿಯಿಂದ ಇಳಿಜಾರಿನುದ್ದಕ್ಕೂ ಅಳೆದಾಗ, ನೆಲ ಮಟ್ಟಸವಾಗತೊಡಗುವ ಜಾಗದವರೆಗಿನ ದೂರ. ಅದನ್ನು ದಾಟಿ ಇಳಿದರೆ ಮೊಣಕಾಲಿಗೆ ಬೀಳುವ ಪೆಟ್ಟು ಜೋರು. ಇದಕ್ಕಿಂತ ಸ್ವಲ್ಪ ಮೇಲೆ, 95 ಮೀಟರಿನಲ್ಲಿ, ಕೆ-ಬಿಂದು ಎಂಬ ಗೆರೆ ಇದೆ. ಅಲ್ಲಿಗೆ ಸರಿಯಾಗಿ ಇಳಿದರೆ ದೂರದ ಲೆಕ್ಕದಲ್ಲಿ 60 ಅಂಕ. ಮುಂದೆ ಹೋದರೆ ಏರುತ್ತದೆ, ಹಿಂದೆ ಬಿದ್ದರೆ ಇಳಿಯುತ್ತದೆ. ಇದರ ಮೇಲೆ ಐವರು ತೀರ್ಪುಗಾರರು ಹಾರಾಟ ಮತ್ತು ಇಳಿತದ ಚೆಲುವಿಗೆ ತಲಾ 20ರವರೆಗೆ ಕೊಡುತ್ತಾರೆ. ಅತಿ ಹೆಚ್ಚಿನದೂ ಅತಿ ಕಡಿಮೆಯದೂ ಬಿಟ್ಟುಹೋಗಿ ಮೂವರದು ಉಳಿಯುತ್ತದೆ. ಗಾಳಿಗೂ ಲೆಕ್ಕವುಂಟು: ಎದುರುಗಾಳಿ ಮೈಯನ್ನು ಎತ್ತಿ ಹಿಡಿಯುವುದರಿಂದ ಅಂಕ ಕಳೆಯುತ್ತಾರೆ, ಹಿಂದಿನಿಂದ ಬೀಸಿದರೆ ಕೂಡಿಸುತ್ತಾರೆ.

ಇನ್ನು ಹಾಸಿನ ಮಾತು. ಹಿಮವಿಲ್ಲದ ಇಳಿಜಾರಿನಲ್ಲಿ ಜಿಗಿಯುವ ದಾರಿ ತೋರಿಸಿದವರು ಆಗಿನ ಪೂರ್ವ ಜರ್ಮನಿಯ ತರಬೇತುದಾರ ಹಾನ್ಸ್ ರೆನ್ನರ್. ವರ್ಷ 1954. ಪ್ಲಾಸ್ಟಿಕ್ ಎಳೆಗಳ ಹಾಸುಗಳನ್ನು ಹುಲ್ಲುಮಾಡಿನ ಹಾಗೆ ಒಂದರ ಮೇಲೊಂದು ಅಂಚು ಬರುವಂತೆ ಹೊದಿಸುತ್ತಾರೆ. ಒಣಗಿದ್ದರೆ ಅದು ಸ್ಕೀಯನ್ನು ಹಿಡಿದುಬಿಡುತ್ತದೆ. ಆದ್ದರಿಂದ ಸ್ಪರ್ಧೆಗೆ ಮುಂಚೆ ನೀರು ಚಿಮುಕಿಸಿ ನೆನೆಸುತ್ತಾರೆ. ಮೇಲಿನಿಂದ ಜಾರಿ ಬರುವ ಜಾಡಿನಲ್ಲಿ ಸೆರಾಮಿಕ್ ಕೂಡಿಸಿ, ಅದನ್ನೂ ಒದ್ದೆಯಾಗಿಡುತ್ತಾರೆ. ಆಟಗಾರ ಅಡ್ಡಪಟ್ಟಿಯ ಮೇಲೆ ಕುಳಿತು ಕೆಳಗೆ ನೋಡುತ್ತಿರುತ್ತಾನೆ. ತರಬೇತುದಾರ ಬಾವುಟ ಇಳಿಸಿದ ತಕ್ಷಣ ಪಟ್ಟಿ ಬಿಟ್ಟು ಜಾರುತ್ತಾನೆ. ಗಂಟೆಗೆ 80 ಕಿಲೋಮೀಟರ್ ದಾಟಿದ ವೇಗ, ತುದಿಯಲ್ಲಿ ಒಂದೇ ಒಂದು ಚಿಮ್ಮು. ಆಮೇಲೆ ಸ್ಕೀಗಳು ಇಂಗ್ಲಿಷಿನ ವಿ ಅಕ್ಷರದಂತೆ ಅಗಲುತ್ತವೆ, ಎದೆ ಅವುಗಳ ಮೇಲೆ ಬಾಗುತ್ತದೆ. ಇಳಿಯುವಾಗ ಒಂದು ಕಾಲು ಮುಂದೆ, ಒಂದು ಹಿಂದೆ, ತೋಳು ಅಗಲ. ನೆನೆದ ಹಾಸಿಗೆ ಸ್ಕೀ ತಾಕಿದೊಡನೆ ನೀರಿನ ಹನಿಗಳು ಹಿಂದಕ್ಕೆ ಚಿಮ್ಮುತ್ತವೆ. ಎಲ್ಲ ಸೇರಿ ಕೆಲವೇ ಸೆಕೆಂಡು. ಆದರೆ ಅರ್ಧ ಸ್ಪರ್ಧೆ ಮುಗಿದಂತೆಯೇ.

“ಹಿಂದಿನ ದಿನ: ಮೀಸಲು ಜಿಗಿತ”

ಸ್ಪರ್ಧೆಯ ದಿನ ಗಾಳಿ ಕೆಟ್ಟು ಜಿಗಿತ ನಿಂತುಹೋದರೆ ಏನು ಗತಿ? ಅದಕ್ಕಾಗಿ ಮೊದಲೇ ಒಂದು ಜಿಗಿತ ಮಾಡಿಸಿ ಅಂಕ ಬರೆದಿಟ್ಟಿರುತ್ತಾರೆ. ಅಗತ್ಯ ಬಿದ್ದರೆ ಅದೇ ಊರ್ಜಿತ.

“ಪದ್ಧತಿ: ವೈಯಕ್ತಿಕ ಗುಂಡರ್ಸನ್”

ಇದು ಒಬ್ಬ ಮನುಷ್ಯನ ಹೆಸರು. ನಾರ್ವೆಯ ಗುಂಡರ್ ಗುಂಡರ್ಸನ್ ತಾನೂ ಈ ಆಟ ಆಡಿದವರು. ಅವರಿಗೆ ಮುಂಚೆ ಜಿಗಿತದ ಅಂಕ ಬೇರೆ, ಓಟದ ಸಮಯ ಬೇರೆ. ಓಟವನ್ನು ಕೋಷ್ಟಕ ನೋಡಿ ಅಂಕಕ್ಕೆ ಇಳಿಸಿ ಎರಡನ್ನೂ ಕೂಡಬೇಕಿತ್ತು. ಗೆರೆ ದಾಟಿದವನಿಗೆ ತಾನು ಗೆದ್ದೆನೋ ಸೋತೆನೋ ಗೊತ್ತಾಗುತ್ತಿರಲಿಲ್ಲ, ಬೇಲಿಯಾಚೆ ನಿಂತ ಜನಕ್ಕಂತೂ ಇಲ್ಲವೇ ಇಲ್ಲ. ಗುಂಡರ್ಸನ್ ಲೆಕ್ಕವನ್ನು ತಿರುಗಿಸಿ ಇಟ್ಟರು: ಜಿಗಿತದ ಅಂತರವನ್ನೇ ಸಮಯ ಮಾಡಿ, ಅಷ್ಟು ಹೊತ್ತು ತಡವಾಗಿ ಓಟ ಬಿಡಿಸಿ, ಗೆರೆಯನ್ನು ಮೊದಲು ದಾಟಿದವನೇ ಗೆದ್ದವನು. ಒಲಿಂಪಿಕ್ಸ್‌ನಲ್ಲಿ ಇದು ಬಂದದ್ದು 1988ರ ಕ್ಯಾಲ್ಗರಿಯಲ್ಲಿ. ಅಲ್ಲಿ ಸ್ವಿಟ್ಜರ್ಲೆಂಡಿನ ಹಿಪೊಲಿಟ್ ಕೆಂಫ್ ಹಿಂದಿನಿಂದ ಓಡಿಬಂದು ಚಿನ್ನ ಗೆದ್ದರು. ಕ್ರೀಡೆಯ ನಿಯಮಗಳಲ್ಲಿ ಇಷ್ಟು ಸರಳವಾದ, ಇಷ್ಟು ಫಲ ಕೊಟ್ಟ ಬದಲಾವಣೆಗಳು ವಿರಳ ಎಂದೇ ನನ್ನ ಎಣಿಕೆ.

“ಮೊದಲನೆಯವನು 0:00, ಎರಡನೆಯವನು +0:30”

ಅಂಕಕ್ಕೂ ಸಮಯಕ್ಕೂ ನಡುವಿನ ದರ ಕಾಲಕಾಲಕ್ಕೆ ಬದಲಾಗಿದೆ. ಈ ಪದ್ಧತಿಯಲ್ಲಿ ಈಗ 15 ಅಂಕಕ್ಕೆ ಒಂದು ನಿಮಿಷ, ಅಂದರೆ ಒಂದು ಅಂಕಕ್ಕೆ ನಾಲ್ಕು ಸೆಕೆಂಡು. ಒಬ್ಬನಿಗೆ 130, ಮುಂದಿನವನಿಗೆ 122.5 ಬಂದಿದೆ ಎನ್ನಿ. ವ್ಯತ್ಯಾಸ ಏಳೂವರೆ ಅಂಕ, ಆದ್ದರಿಂದ ಎರಡನೆಯವನು 30 ಸೆಕೆಂಡು ತಡವಾಗಿ ಹೊರಡಬೇಕು. ಈ ಸಾಲು ಓದುವಾಗ ಬರಿ ಮುಂದಿರುವವನನ್ನು ನೋಡಬೇಡಿ. ನಲವತ್ತು, ಐವತ್ತು ಸೆಕೆಂಡು ಹಿಂದೆ ನಾಲ್ಕೈದು ಒಳ್ಳೆಯ ಓಟಗಾರರು ಒಟ್ಟಿಗೆ ಇದ್ದಾರೆಯೇ ನೋಡಿ. ಅವರು ಸರದಿಯ ಮೇಲೆ ಮುಂದೆ ಬಂದು ಗಾಳಿ ಸೀಳುತ್ತಾರೆ, ಮಿಕ್ಕವರು ಮರೆಯಲ್ಲಿ ದಣಿವು ಉಳಿಸಿಕೊಳ್ಳುತ್ತಾರೆ. ಮುಂದೆ ಒಂಟಿಯಾಗಿ ಓಡುವವನಿಗೆ ಆ ಆಸರೆ ಇಲ್ಲ.

“ಓಟ: 10 ಕಿ.ಮೀ., ರೋಲರ್ ಸ್ಕೀ, ಫ್ರೀ ಶೈಲಿ”

ಎತ್ತರ 175 ಸೆಂಟಿಮೀಟರ್ ಇರುವವನ ಜಿಗಿತದ ಸ್ಕೀ ಎರಡೂವರೆ ಮೀಟರ್ ಮುಟ್ಟಬಹುದು; ನಿಯಮ ಎತ್ತರದ ಶೇ. 145ರವರೆಗೆ ಬಿಡುತ್ತದೆ, ಮೈತೂಕ ತೀರ ಇಳಿದರೆ ಮೊಟಕು ಮಾಡುತ್ತದೆ. ಅದೇ ದಿನ ಅವನು ಕಾಲಿಗೆ ಕಟ್ಟುವ ರೋಲರ್ ಸ್ಕೀ ಸುಮಾರು 60 ಸೆಂಟಿಮೀಟರ್: ಒಂದು ದಂಡ, ಎರಡು ಚಕ್ರ. ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ. ಹೆಲ್ಮೆಟ್ ಕಡ್ಡಾಯ. ಫ್ರೀ ಶೈಲಿಯೆಂದರೆ ಸ್ಕೇಟಿಂಗ್‌ನಂತೆ ಕಾಲನ್ನು ಪಕ್ಕಕ್ಕೆ ಒತ್ತಿ ನುಗ್ಗುವುದು. ಕೋಲುಗಳ ಗಟ್ಟಿ ಮೊನೆ ಡಾಂಬರಿಗೆ ಬಡಿಯುವ ಸದ್ದು ಹಿಂದಿನಿಂದ ಬರುವವರ ಸುಳಿವನ್ನು ಮುಂಚೆಯೇ ಕೊಡುತ್ತದೆ. ಮಳೆ ಬಂದರೆ ಇಳಿಜಾರಿನ ತಿರುವು ನಿಜಕ್ಕೂ ಅಪಾಯ. ಹಿಮದ ಮೇಲೆ ಬಿದ್ದಂತಲ್ಲ, ಡಾಂಬರು ಚರ್ಮ ಸುಲಿಯುತ್ತದೆ.

“ಮಹಿಳೆಯರು: ಅದೇ ಬೆಟ್ಟ, 5 ಕಿ.ಮೀ.”

ಪಟ್ಟಿಯ ಈ ಕೊನೆಯ ಸಾಲು ಹೊಸದು. ಎಲ್ಲಕ್ಕಿಂತ ಮುಖ್ಯವೂ ಹೌದು. 2020ರ ಯುವ ಒಲಿಂಪಿಕ್ಸ್‌ನಲ್ಲಿ ಹುಡುಗಿಯರಿಗೆ ಈ ಸ್ಪರ್ಧೆ ಇತ್ತು. ಅದೇ ಡಿಸೆಂಬರಿನಲ್ಲಿ ಆಸ್ಟ್ರಿಯಾದ ರಾಮ್ಸೌನಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ಸ್ಪರ್ಧೆ ನಡೆಯಿತು. ಗೆದ್ದವರು ಅಮೆರಿಕದ ತಾರಾ ಜೆರಾಟಿ-ಮೋಟ್ಸ್. 2021ರಲ್ಲಿ ಓಬರ್‌ಸ್ಟ್‌ಡೋರ್ಫ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಾರ್ವೆಯ ಗ್ಯುಡಾ ವೆಸ್ಟ್‌ವೊಲ್ಡ್ ಹಾನ್ಸೆನ್ ಮೊದಲ ಚಿನ್ನ ಪಡೆದರು. ಇಷ್ಟಾದ ಮೇಲೂ 2022ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2026ರ ಕ್ರೀಡಾಕೂಟಕ್ಕೆ ಮಹಿಳೆಯರನ್ನು ಸೇರಿಸಲು ಒಪ್ಪಲಿಲ್ಲ. ಆಡುವ ದೇಶಗಳು ಕಡಿಮೆ, ನೋಡುವವರು ಕಡಿಮೆ ಎಂಬ ಕಾರಣ ಕೊಟ್ಟಿತು. ಗಂಡಸರ ಹಿಂದಿನ ಮೂರು ಒಲಿಂಪಿಕ್ಸ್‌ಗಳ 27 ಪದಕಗಳೂ ನಾಲ್ಕೇ ದೇಶಗಳಿಗೆ ಹೋಗಿದ್ದವು, ಅದು ನಿಜ: ನಾರ್ವೆ, ಜರ್ಮನಿ, ಆಸ್ಟ್ರಿಯಾ, ಜಪಾನ್. ಆದರೆ ಆ ಕೊರತೆ ಗಂಡಸರ ಪಂದ್ಯದ್ದು, ಅದರ ದಂಡ ತೆತ್ತವರು ಹೆಂಗಸರು. ಗಂಡಸರನ್ನು ಉಳಿಸಿಕೊಂಡು ಹೆಂಗಸರನ್ನು ಬಾಗಿಲಲ್ಲೇ ನಿಲ್ಲಿಸಿದ್ದು ಅನ್ಯಾಯ. ಅವರು ಅದೇ ಹಾಸಿನ ಮೇಲೆ ಇಳಿಯುತ್ತಾರೆ, ಅದೇ ಡಾಂಬರಿನ ಮೇಲೆ ಓಡುತ್ತಾರೆ. ಬೇಸಿಗೆಯ ಪಟ್ಟಿಯಲ್ಲಿ ಸಿಕ್ಕ ಈ ಸಾಲು ಒಲಿಂಪಿಕ್ಸ್ ಪಟ್ಟಿಗೂ ಬರಬೇಕು.