ಮನೆಯಲ್ಲಿ ಕಟ್ಟಿದ ಮ್ಯಾಶ್ ಟನ್: ಶಿಕಾರಿಪುರ, ಸೊರಬದ ಧಾನ್ಯಗಳ ಎದುರು

ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು, ಅಂದರೆ ಮಾಲ್ಟನ್ನು, ತರಿಯಾಗಿ ಒಡೆದು ಬಿಸಿನೀರಿನಲ್ಲಿ ಕಲಸಿ, ಸುಮಾರು ಒಂದು ಗಂಟೆ ಒಂದೇ ಹದದ ಬಿಸಿಯಲ್ಲಿ ಇರಿಸಿ, ಬಳಿಕ ಅದರ ಸಿಹಿ ರಸವನ್ನು ಸೋಸಿ ತೆಗೆಯುವ ಪಾತ್ರೆಗೆ ಮ್ಯಾಶ್ ಟನ್ ಎಂದು ಹೆಸರು. ಬಿಯರ್ ಕಾರ್ಖಾನೆಯಲ್ಲಿ ಇದು ಸಾವಿರಾರು ಲೀಟರಿನ ಉಕ್ಕಿನ ಹಂಡೆಯಾದರೆ, ಅಮೆರಿಕ, ಬ್ರಿಟನ್‌ಗಳ ಹವ್ಯಾಸಿಗಳ ಮನೆಯಲ್ಲಿ ಐಸ್ ಬಾಕ್ಸಿನ ಬುಡಕ್ಕೆ ತೂತು ಕೊರೆದು ನಲ್ಲಿ ಕೂಡಿಸಿ ಮಾಡಿಕೊಂಡ ಸಾಧನ. ಈ ಗೃಹನಿರ್ಮಿತ ಪಾತ್ರೆ ಬಿಸಿ ಹಿಡಿದಿಡುವ ಕೆಲಸದಲ್ಲಿ ನಿಜಕ್ಕೂ ಜಾಣತನದ್ದು. ಸೋಸುವ ಕೆಲಸದಲ್ಲಿ ಮಾತ್ರ ಅದು ಬಾರ್ಲಿಯ ಸಿಪ್ಪೆಯನ್ನೇ ನಂಬಿಕೊಂಡಿದೆ. ಭತ್ತ ಮತ್ತು ಮೆಕ್ಕೆಜೋಳ ಬೆಳೆಯುವ ಶಿಕಾರಿಪುರ, ಸೊರಬ ತಾಲ್ಲೂಕುಗಳ ಧಾನ್ಯವನ್ನು ಅದರೊಳಗೆ ಸುರಿದು ನೋಡಿದಾಗ ಈ ಪರಾವಲಂಬನೆ ಎದ್ದು ಕಾಣುತ್ತದೆ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುವುದು ಒಳಿತು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಮಾತ್ರವಲ್ಲ, ಆ ಉದ್ದೇಶಕ್ಕಾಗಿ ಪಾತ್ರೆ ಪರಿಕರಗಳನ್ನು ಇಟ್ಟುಕೊಳ್ಳುವುದೂ ಅಪರಾಧ. ಬ್ರಿಟನ್ನಿನಲ್ಲಿ 1963ರಲ್ಲಿ ಮನೆಬಳಕೆಯ ಬಿಯರಿಗೆ ಪರವಾನಗಿ ಬೇಕಿಲ್ಲವೆಂದಾಯಿತು. ಅಮೆರಿಕದಲ್ಲಿ 1978ರಲ್ಲಿ ಒಕ್ಕೂಟದ ಕಾನೂನು ಸಡಿಲವಾದರೂ ಎಲ್ಲ ರಾಜ್ಯಗಳೂ ಅದನ್ನು ಒಪ್ಪುವಷ್ಟರಲ್ಲಿ 2013 ಬಂತು. ಹಾಗಾಗಿ ಈ ಎರಡು ತಾಲ್ಲೂಕುಗಳ ಮಟ್ಟಿಗೆ ಇಲ್ಲಿನ ಪರಿಶೀಲನೆ ಯೀಸ್ಟ್ ಬೀಳುವ ಮುನ್ನವೇ ನಿಲ್ಲುತ್ತದೆ: ಧಾನ್ಯದ ಪಿಷ್ಟ ಸಕ್ಕರೆಯಾಗಿ, ವರ್ಟ್ ಎಂದು ಕರೆಯುವ ಸಿಹಿ ರಸ ಕೈಗೆ ಬರುವವರೆಗಿನ ಹಂತವಷ್ಟೇ ಇಲ್ಲಿನ ವಿಷಯ. ಆ ರಸದಲ್ಲಿ ಮದ್ಯದ ಅಂಶವಿಲ್ಲ. ಕುದಿಸಿ ಇಂಗಿಸಿದರೆ ಅದು ಮಾಲ್ಟ್ ಪಾಕ. ಜೋನಿ ಬೆಲ್ಲ ಸಿಗುವ ಸೀಮೆಯಲ್ಲಿ ಸಿಹಿಗಾಗಿ ಇಷ್ಟು ಪಾಡುಪಡುವವರು ಯಾರು ಎಂಬ ಪ್ರಶ್ನೆ ನ್ಯಾಯವಾದದ್ದೇ, ಆದರೂ ಮಾಲ್ಟಿನ ಸುವಾಸನೆ ಬೆಲ್ಲದಲ್ಲಿ ಬರುವಂಥದ್ದಲ್ಲ.

ಪಾತ್ರೆಯ ಗುಣ ತಿಳಿಯಬೇಕಾದರೆ ಅದರೊಳಗೆ ನಡೆಯುವುದೇನೆಂದು ತಿಳಿದಿರಬೇಕು. ಮಾಲ್ಟಿನಲ್ಲಿ ಪಿಷ್ಟವನ್ನು ಒಡೆಯುವ ಎರಡು ಮುಖ್ಯ ಕಿಣ್ವಗಳಿವೆ. ಬೀಟಾ ಅಮೈಲೇಸ್ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿದ್ದು ಪಿಷ್ಟದ ಸರಪಳಿಯ ತುದಿಯಿಂದ ಸಕ್ಕರೆಯನ್ನು ಕತ್ತರಿಸುತ್ತ ಬರುತ್ತದೆ. ಆಲ್ಫಾ ಅಮೈಲೇಸ್ ಸುಮಾರು 68ರಿಂದ 72 ಡಿಗ್ರಿಯಲ್ಲಿ ಅದೇ ಸರಪಳಿಯನ್ನು ನಡುನಡುವೆ ತುಂಡರಿಸುತ್ತದೆ. ಎರಡೂ ದುಡಿಯಬೇಕೆಂದರೆ 66 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ ಕಾಯಬೇಕು. ಒಲೆಯ ಮೇಲಿಟ್ಟು ಇದನ್ನು ಸಾಧಿಸುವುದು ಕಷ್ಟ, ಏಕೆಂದರೆ ತಳ ಬಿಸಿಯಾಗಿ ಕಿಣ್ವ ಸಾಯುತ್ತದೆ, ಮೇಲ್ಭಾಗ ತಣ್ಣಗೇ ಉಳಿಯುತ್ತದೆ. ಒಳ್ಳೆಯ ಐಸ್ ಬಾಕ್ಸಾದರೋ ಗಂಟೆಗೆ ಒಂದೆರಡು ಡಿಗ್ರಿಗಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ. ನೀರನ್ನು ಎಷ್ಟು ಕಾಯಿಸಬೇಕೆಂಬುದಕ್ಕೆ ಸರಳ ಲೆಕ್ಕವಿದೆ: ಒಂದು ಕಿಲೋ ಧಾನ್ಯಕ್ಕೆ ಎಷ್ಟು ಲೀಟರ್ ನೀರೋ ಆ ಸಂಖ್ಯೆಯಿಂದ 0.41ನ್ನು ಭಾಗಿಸಿ, ಬೇಕಾದ ಬಿಸಿಗೂ ಧಾನ್ಯದ ಬಿಸಿಗೂ ಇರುವ ಅಂತರದಿಂದ ಗುಣಿಸಿ, ಬಂದದ್ದನ್ನು ಬೇಕಾದ ಬಿಸಿಗೆ ಕೂಡಿಸುವುದು. 25 ಡಿಗ್ರಿಯಲ್ಲಿರುವ 4 ಕಿಲೋ ತರಿಗೆ 12 ಲೀಟರ್ ನೀರು ಹಾಕಿ 66 ಡಿಗ್ರಿ ಪಡೆಯಬೇಕಾದರೆ ನೀರು ಸುಮಾರು 71.6 ಡಿಗ್ರಿ ಇರಬೇಕೆಂದು ಲೆಕ್ಕ ಹೇಳುತ್ತದೆ. ಪಾತ್ರೆಯೂ ಸ್ವಲ್ಪ ಬಿಸಿ ಕುಡಿಯುವುದರಿಂದ ಅದರೊಳಗೆ ಮೊದಲೇ ಬಿಸಿನೀರು ಆಡಿಸಿ ಚೆಲ್ಲಬೇಕಾಗುತ್ತದೆ. ಮೂರು ಸಾಲಿನ ಗಣಿತ ಮತ್ತು ಒಂದು ಥರ್ಮಾಮೀಟರಿನಿಂದ ಕಾರ್ಖಾನೆಯ ಉಗಿ ಕವಚದ ಹಂಡೆಯ ಕೆಲಸ ಆಗುವುದೆಂಬುದು ಈ ಸಾಧನದ ಪರವಾಗಿ ಹೇಳಬೇಕಾದ ದೊಡ್ಡ ಮಾತು. ಅಗ್ಗದ ಪೆಟ್ಟಿಗೆಗಳಲ್ಲಿ ಮುಚ್ಚಳದೊಳಗೆ ಬಿಸಿ ತಡೆಯುವ ಪದರವೇ ಇಲ್ಲದೆ ಬರೀ ಟೊಳ್ಳಿರುವುದುಂಟು. ಮೇಲೊಂದು ಕಂಬಳಿ ಹೊದಿಸಿದರೆ ಆ ಕೊರತೆಯೂ ತೀರುತ್ತದೆ.

ಸೋಸುವಿಕೆಯ ವಿಚಾರದಲ್ಲಿ ಇಷ್ಟು ಧಾರಾಳವಾಗಿ ಹೊಗಳಲಾಗದು. ಅಮೆರಿಕದ ಚಾರ್ಲಿ ಪಪಾಜಿಯನ್ 1984ರಲ್ಲಿ ಪ್ರಕಟಿಸಿದ ಗೃಹಬಿಯರಿನ ಪ್ರಸಿದ್ಧ ಕೈಪಿಡಿ ಎರಡು ಪ್ಲಾಸ್ಟಿಕ್ ಬಕೆಟ್ಟುಗಳನ್ನು ಒಂದರೊಳಗೊಂದು ಇಟ್ಟು, ಒಳಗಿನದರ ತಳಕ್ಕೆ ತುಂಬ ಸಣ್ಣ ತೂತು ಕೊರೆಯುವ ಉಪಾಯವನ್ನು ಜನಪ್ರಿಯಗೊಳಿಸಿತು. ಆಮೇಲೆ ಬಂದವರು ಸೀಳು ಕೊಯ್ದ ತಾಮ್ರದ ಕೊಳವೆ, ತೂತಿನ ಉಕ್ಕಿನ ತಟ್ಟೆ, ನೀರಿನ ಸಂಪರ್ಕದ ಪೈಪಿನ ಮೇಲಿನ ಸ್ಟೀಲ್ ಹೆಣಿಗೆ ಎಂದು ನಾನಾ ಬಗೆಗಳನ್ನು ಹುಡುಕಿದರು. ಮಲೆನಾಡಿನಲ್ಲಿ ಅನ್ನ ಬಸಿಯುವಾಗ ಅಗುಳು ಜಾರದಂತೆ ಗಂಜಿಯನ್ನಷ್ಟೇ ಬಿಡುವ ಬಿದಿರಿನ ಸಿಬ್ಬಲಿನ ಕೆಲಸವೂ ಇವುಗಳ ಕೆಲಸವೂ ಒಂದೇ. ಆದರೆ ನಿಜವಾಗಿ ರಸವನ್ನು ತಿಳಿಗೊಳಿಸುವುದು ತಟ್ಟೆಯಲ್ಲ. ಬಾರ್ಲಿಯ ಕಾಳಿಗೆ ಗಟ್ಟಿ ಸಿಪ್ಪೆ ಅಂಟಿಕೊಂಡಿರುತ್ತದೆ; ಒಡೆದ ಕಾಳಿನ ಸಿಪ್ಪೆಗಳು ತಟ್ಟೆಯ ಮೇಲೆ ಹಾಸಿನಂತೆ ಕೂತು, ಮೊದಲು ಬರುವ ಕದಡು ರಸವನ್ನು ಮರಳಿ ಮೇಲೆ ಸುರಿದಾಗ ಅದನ್ನು ತಾವೇ ಶೋಧಿಸುತ್ತವೆ. ಕೈಪಿಡಿಗಳು ಕೊಳವೆಯ ಸೀಳಿನ ಅಗಲದ ಬಗ್ಗೆ ಪುಟಗಟ್ಟಲೆ ಬರೆದು ಈ ಸಿಪ್ಪೆಯ ಉಪಕಾರವನ್ನು ಒಂದೇ ಸಾಲಿನಲ್ಲಿ ದಾಟಿಬಿಡುವುದು ಸರಿಯಲ್ಲ.

ಅದೇ ಪಾತ್ರೆಗೆ ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ರಾಗಿಯ ಮಾಲ್ಟ್ ಹಾಕಿದರೆ ಸೋಲು ಬೇಗ ಕಾಣುತ್ತದೆ. ಕಿಣ್ವದ ದೃಷ್ಟಿಯಿಂದ ರಾಗಿ ಬಡ ಧಾನ್ಯವಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ನಡೆಸಿದ ಅಧ್ಯಯನಗಳು ಕಿರುಧಾನ್ಯಗಳ ಪೈಕಿ ರಾಗಿ ಮಾಲ್ಟಿಗೆ ಚೆನ್ನಾಗಿ ಒದಗುತ್ತದೆಂದು ತೋರಿಸಿವೆ, ಮಗುವಿನ ಗಂಜಿಯನ್ನು ಗಟ್ಟಿಯಾಗದಂತೆ ತೆಳುವಾಗಿಸುವುದೂ ಇದೇ ಅಮೈಲೇಸ್. ತೊಡಕಿರುವುದು ಬೇರೆಡೆ. ರಾಗಿಯ ಕಾಳು ಸಾಸಿವೆಯಷ್ಟು ಚಿಕ್ಕದು, ಅದಕ್ಕೆ ಬಾರ್ಲಿಯಂಥ ಸಿಪ್ಪೆಯಿಲ್ಲ. ಒಡೆದ ರಾಗಿ ನೀರಿನಲ್ಲಿ ಅಂಬಲಿಯಾಗಿ ಸೀಳುಗಳನ್ನು ಮುಚ್ಚಿ, ನಲ್ಲಿ ತಿರುಗಿಸಿದರೆ ಹನಿಯೂ ಇಳಿಯದಂತೆ ಮಾಡುತ್ತದೆ. ಇನ್ನೊಂದು ಎಡವಟ್ಟು ಅಡುಗೆಮನೆಯ ರೂಢಿಯಿಂದ ಬರುವಂಥದ್ದು. ಮೊಳಕೆ ಕಟ್ಟಿ ಒಣಗಿಸಿದ ರಾಗಿಯನ್ನು ಘಮ್ಮೆನ್ನುವಂತೆ ಹುರಿಯುವುದು ನಮ್ಮ ಮನೆಗಳ ಪದ್ಧತಿ. ರುಚಿಗೆ ಅದು ಸರಿಯಾದರೂ ಬಾಣಲೆಯ ಬಿಸಿಗೆ ಕಿಣ್ವ ಸತ್ತುಹೋಗಿ, ಅಂಥ ಹಿಟ್ಟನ್ನು ಎಷ್ಟು ಹೊತ್ತು ನೆನೆಯಿಟ್ಟರೂ ಪಿಷ್ಟ ಪಿಷ್ಟವಾಗಿಯೇ ಉಳಿಯುತ್ತದೆ. ಒಂದು ಚಮಚ ರಸ ತಣಿಸಿ, ಔಷಧಿ ಅಂಗಡಿಯ ಅಯೋಡಿನ್ ಒಂದು ಹನಿ ಬಿಟ್ಟು ನೋಡಿದರೆ ಸಾಕು. ಬಣ್ಣ ನೀಲಿಗಪ್ಪಾದರೆ ಪಿಷ್ಟ ಇನ್ನೂ ಕರಗಿಲ್ಲವೆಂದೇ ಅರ್ಥ.

ಈ ಕೊರತೆಗೆ ಪರಿಹಾರ ಇದೇ ಊರುಗಳಲ್ಲಿ ಬಿದ್ದಿದೆ ಎಂಬುದು ಸ್ವಾರಸ್ಯದ ಸಂಗತಿ. ಪಾಶ್ಚಾತ್ಯ ದೇಶಗಳ ಹವ್ಯಾಸಿಗಳು ಗೋಧಿಯಂಥ ಸಿಪ್ಪೆಯಿಲ್ಲದ ಧಾನ್ಯ ಬಳಸುವಾಗ ಭತ್ತದ ಉಮಿಯನ್ನು ಪೊಟ್ಟಣದಲ್ಲಿ ಕೊಂಡು ತಂದು, ಧಾನ್ಯದ ತೂಕದ ನೂರಕ್ಕೆ ಐದರಿಂದ ಹತ್ತರಷ್ಟು ಬೆರೆಸುತ್ತಾರೆ. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಉಮಿಯೇ ಆಗಿರುವುದರಿಂದ ಅಕ್ಕಿ ಗಿರಣಿಯಿರುವಲ್ಲೆಲ್ಲ ಅದರ ರಾಶಿ ಇದ್ದೇ ಇರುತ್ತದೆ. ಧೂಳು ಹೋಗುವವರೆಗೆ ತೊಳೆದು, ಒಮ್ಮೆ ಕುದಿಸಿ ಬಸಿದ ಉಮಿಯನ್ನು ರಾಗಿಯ ಜೊತೆ ಕಲಸಿದರೆ ಹಾಸು ಸಡಿಲಗೊಂಡು ರಸ ಇಳಿಯುತ್ತದೆ. ರಾಗಿಗೆ ಹತ್ತಕ್ಕಿಂತ ಹೆಚ್ಚೇ ಬೇಕಾದೀತು.

ಅಕ್ಕಿ, ಮೆಕ್ಕೆಜೋಳಗಳ ಮಾತು ಇನ್ನೂ ಬೇರೆ. ಇವುಗಳ ಪಿಷ್ಟದ ಕಣ ಒಡೆದು ಗಂಜಿಯಾಗುವ ಬಿಸಿ ಬಾರ್ಲಿಗಿಂತ ಮೇಲಿರುವುದರಿಂದ, 66 ಡಿಗ್ರಿಯ ಪೆಟ್ಟಿಗೆಯಲ್ಲಿ ಅಕ್ಕಿನುಚ್ಚು ಬರೀ ನೆನೆದು ಕೂರುತ್ತದೆ. ಅದನ್ನು ಮೊದಲು ಒಲೆಯ ಮೇಲೆ ಗಂಜಿ ಮಾಡಿ, ಆರಿಸಿ, ಆಮೇಲೆ ಮಾಲ್ಟಿನ ಜೊತೆ ಸೇರಿಸಬೇಕು. ದೊಡ್ಡ ಬಿಯರ್ ಕಾರ್ಖಾನೆಗಳೂ ಅಕ್ಕಿಗೆ ಬೇರೆ ಹಂಡೆ ಇಟ್ಟಿರುವುದು ಇದಕ್ಕೇ. ಏಷ್ಯಾದ ಹಲವೆಡೆಯ ಜನ ಮ್ಯಾಶ್ ಟನ್ನಿನ ದಾರಿ ಹಿಡಿಯದೆ, ಬೇಯಿಸಿದ ಧಾನ್ಯಕ್ಕೆ ಬೂಷ್ಟು ಬೆರೆಸಿ ಪಿಷ್ಟ ಒಡೆಯುವ ಕೆಲಸವನ್ನು ಅದಕ್ಕೇ ಬಿಟ್ಟರು. ಜಪಾನಿನ ಸಾಕೆ, ಜಾರ್ಖಂಡದ ಹಂಡಿಯಾ, ಟಿಬೆಟನ್ನರ ಛಾಂಗ್ ಎಲ್ಲವೂ ಈ ಮಾರ್ಗದವು. ಮಲೆನಾಡಿನ ಬಗನಿ ಮರದ ಕಳ್ಳಿಗಂತೂ ಒಡೆಯಲು ಪಿಷ್ಟವೇ ಇಲ್ಲ, ಸಕ್ಕರೆ ಮರದಿಂದಲೇ ಇಳಿಯುತ್ತದೆ. ಹೀಗಿರುವಾಗ ಐಸ್ ಬಾಕ್ಸಿನ ಪಾತ್ರೆಯನ್ನು ಎಲ್ಲ ಧಾನ್ಯಕ್ಕೂ ಸಲ್ಲುವ ಸಾಧನವೆಂದು ಬಣ್ಣಿಸುವುದು ಅತಿಯಾಯಿತು. ಅದು ಬಾರ್ಲಿಯ ನಾಡಿನ ಸಾಧನ.

ಸಾಮಗ್ರಿಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ತೋಟದ ನೀರಾವರಿಯ ಪಿವಿಸಿ ಪೈಪು ಎಲ್ಲೆಡೆ ಸಿಗುತ್ತದೆಂದು ಅದನ್ನೇ ಸೀಳಿ ತಳಕ್ಕೆ ಕೂರಿಸುವುದು ತಪ್ಪು, ಅದು 60 ಡಿಗ್ರಿಯ ಮೇಲೆ ಮೆತ್ತಗಾಗುತ್ತದೆ; ಬಿಸಿನೀರಿಗೆಂದೇ ಮಾಡಿದ ಸಿಪಿವಿಸಿ ತಡೆಯಬಲ್ಲದು, ಸ್ಟೀಲ್ ಎಲ್ಲಕ್ಕಿಂತ ನಂಬಿಕೆಯದು. ರಸ ತೆಗೆದ ಮೇಲಿನ ಚರಟ ದನಗಳಿಗೆ ಒಳ್ಳೆಯ ಮೇವು, ಉಮಿ ಬೆರೆತಿದ್ದರೆ ಅಷ್ಟು ಒಳ್ಳೆಯದಲ್ಲ. ಮಳೆಗಾಲದಲ್ಲಿ ಒಂದು ದಿನ ಬಿಟ್ಟರೂ ಹುಳಿಯುವುದರಿಂದ ಅಂದೇ ಹಾಕಿ ಮುಗಿಸಬೇಕು.

ಒಟ್ಟಿನಲ್ಲಿ, ಈ ಎರಡು ತಾಲ್ಲೂಕುಗಳ ಅಡುಗೆಮನೆಯಲ್ಲಿ ರಾಗಿ ಮಾಲ್ಟಿನ ಸಿಹಿ ರಸವನ್ನೋ ಪಾಕವನ್ನೋ ಮಾಡಬಯಸುವವರಿಗೆ ನಲ್ಲಿ, ಕೊಳವೆ, ತೂತಿನ ತಟ್ಟೆಗಳ ಗೃಹನಿರ್ಮಿತ ಮ್ಯಾಶ್ ಟನ್ ಹಾಕಿದ ಶ್ರಮಕ್ಕೆ ತಕ್ಕ ಫಲ ಕೊಡದು. ಆಸ್ಟ್ರೇಲಿಯದ ಹವ್ಯಾಸಿಗಳು ರೂಢಿಗೆ ತಂದ ಚೀಲದ ಪದ್ಧತಿ ಇಲ್ಲಿಗೆ ಹೆಚ್ಚು ಹೊಂದುತ್ತದೆ: ದಪ್ಪ ತಳದ ಸ್ಟೀಲ್ ಪಾತ್ರೆ, ಅದರೊಳಗೆ ತೆಳು ಬಟ್ಟೆಯ ಚೀಲದಲ್ಲಿ ಉಮಿ ಬೆರೆಸಿದ ತರಿ, ಸುತ್ತ ಕಂಬಳಿ, ಒಂದು ಥರ್ಮಾಮೀಟರ್. ರಸ ಕೊಂಚ ಕದಡಾಗಿ ಬರುತ್ತದೆ, ಆದರೆ ಕಟ್ಟಿಕೊಳ್ಳುವ ನಲ್ಲಿಯಿಲ್ಲ, ತೊಳೆಯುವುದೂ ಸುಲಭ.