ಕಂಬ ನೆಟ್ಟು ಕೈತೊಳೆದುಕೊಂಡ ಸೈಕಲ್ ಪಥ

ಕೊರೊನಾ ವರ್ಷ 2020ರಲ್ಲಿ, ಬೆಂಗಳೂರಿನ ಹೊರವರ್ತುಲ ರಸ್ತೆಯ ಸಿಲ್ಕ್ ಬೋರ್ಡ್–ಕೆ.ಆರ್. ಪುರ ನಡುವೆ ನಗರ ಭೂಸಾರಿಗೆ ನಿರ್ದೇಶನಾಲಯ ತಾತ್ಕಾಲಿಕ ಸೈಕಲ್ ಪಥವೊಂದನ್ನು ರೂಪಿಸಿತು. ಅಂಚಿಗೆ ಸಾಲು ಕಂಬ ನೆಟ್ಟು ಕಾರುಗಳನ್ನು ಆಚೆಗಿಡುವ ಉಪಾಯ. ಈಗ ಅದನ್ನು ಸೋತ ಪ್ರಯೋಗವೆಂದು ತಳ್ಳಿಹಾಕುವುದು ಸುಲಭ. ಆ ತೀರ್ಪನ್ನು ನಾನು ಪೂರ್ತಿ ಒಪ್ಪಲಾರೆ.

ಕಾರುಗಳಿಗೆ ಒಳಗೆ ಬರುವುದು ಕಷ್ಟವಾಯಿತು, ನಿಜ. ಸ್ಕೂಟರ್‌ಗಳು ಬಂದವು. ಸೈಕಲ್ ಹಿಡಿಸುವ ಸಂದಿಯಲ್ಲಿ ಸ್ಕೂಟರೂ ಹಿಡಿಸುತ್ತದೆ; ಇದು ಪಥ ಹಾಕಿದವರಿಗೆ ಮೊದಲೇ ಹೊಳೆಯಬೇಕಿತ್ತು. ಊರಿನ ವಾಹನಗಳಲ್ಲಿ ಸುಮಾರು ಮೂರನೇ ಎರಡು ಪಾಲು ಇರುವುದು ದ್ವಿಚಕ್ರವೇ. ಹಾಗೆಂದು ಆ ಸವಾರನನ್ನೇ ಖಳನೆನ್ನಲೂ ಮನಸ್ಸಿಲ್ಲ. ಬಸ್ಸು ಕಾರನ್ನು ಒತ್ತುತ್ತದೆ, ಕಾರು ಸ್ಕೂಟರನ್ನು, ಸ್ಕೂಟರು ಸೈಕಲ್ಲನ್ನು. ಸೈಕಲ್‌ನವನು ಫುಟ್‌ಪಾತ್ ಹತ್ತಿ, ನಡೆಯುವ ಅಜ್ಜಿಗೆ ಗಂಟೆ ಬಾರಿಸುತ್ತಾನೆ. ಸೈಕಲ್ ಸಂಘಗಳ ಅಹವಾಲುಗಳಲ್ಲಿ ಈ ಕೊನೆಯ ಮೆಟ್ಟಿಲು ಕಾಣುವುದು ಕಡಿಮೆ.

'ಖಾಲಿ ಬಿದ್ದಿರೋ ಜಾಗಕ್ಕೆ ಕಂಬ ಯಾಕ್ರೀ?' ಎನ್ನುವುದು ಕಾರಿನವರ ವಾದ. ಜಾಮ್‌ನಲ್ಲಿ ಸಿಕ್ಕಿಕೊಂಡವರಿಗೆ ಹಾಗನ್ನಿಸುವುದು ಸಹಜವೇ. ಆದರೆ ಬೆಳಗಿನ ಜಾವ ಪಾಳಿ ಮುಗಿಸಿ ಹೊರಡುವ ಕಾವಲುಗಾರರು, ಕಟ್ಟಡ ಕೆಲಸಕ್ಕೆ ಹೋಗುವವರು ಅವರ ಕಣ್ಣಿಗೆ ಬೀಳುವುದಿಲ್ಲ. ಹೆಲ್ಮೆಟ್ಟು, ಗೇರು, ಮಿರುಗುವ ಅಂಗಿ ಇದ್ದವರಷ್ಟೇ ನಮ್ಮ ಲೆಕ್ಕದಲ್ಲಿ ಸೈಕಲ್ ಸವಾರರು. ಉಳಿದವರು 'ಮನೇಲಿ ಹೇಳಿ ಬಂದಿದ್ಯಾ?' ಎಂದು ಬೈಸಿಕೊಳ್ಳಲು ಇರುವವರು.

ಪಥದ ದೊಡ್ಡ ದೋಷ ಬೇರೆಯೇ ಇತ್ತು. ಕಂಬಗಳ ಆಸರೆ ಸಿಗುವುದು ನೇರ ದಾರಿಯಲ್ಲಿ. ಫ್ಲೈಓವರ್ ಇಳಿಜಾರು, ಬಸ್ ನಿಲ್ದಾಣ, ಅಡ್ಡರಸ್ತೆ ಬಂದಲ್ಲೆಲ್ಲ ಆ ಸಾಲು ತುಂಡಾಗಲೇಬೇಕು. ಎಡಕ್ಕೆ ತಿರುಗುವ ಕಾರಿಗೂ ನೇರ ಸಾಗುವ ಸೈಕಲ್ಲಿಗೂ ಮುಖಾಮುಖಿಯಾಗುವುದು ಅಲ್ಲೇ. ಯಾರು ಯಾರಿಗೆ ದಾರಿ ಬಿಡಬೇಕೆಂಬುದನ್ನು ಅಲ್ಲಿ ಹಾರ್ನ್ ನಿರ್ಧರಿಸುತ್ತದೆ. ಬ್ರಿಟನ್ ತನ್ನ ರಸ್ತೆ ಸಂಹಿತೆಯನ್ನು 2022ರ ಜನವರಿಯಲ್ಲಿ ತಿದ್ದಿ, ತಿರುಗುವ ಚಾಲಕ ನೇರ ಹೋಗುವ ಸೈಕಲ್ಲಿಗೆ ಅಡ್ಡ ಬರಬಾರದೆಂದು ಬರೆಯಿತು. ಅಲ್ಲೂ ಕೂಗಾಟ ನಿಂತಿಲ್ಲವೆನ್ನಿ. ಆದರೂ ತಪ್ಪು ಯಾರದೆನ್ನಲು ಒಂದು ಸಾಲಾದರೂ ಇದೆ.

ನಮ್ಮಲ್ಲಿ ಮೆಟ್ರೊ ಕಾಮಗಾರಿ ಬಂತು, ರಸ್ತೆ ಅಗೆದರು, ಪಥದ ಮಾತು ಹಿಂದೆ ಸರಿಯಿತು. ಮುಂದಿನ ಸಲ ಕಂಬ ನೆಡುವವರು ಇದೇ ರಸ್ತೆಯ ಇಬ್ಬಲೂರು ಜಂಕ್ಷನ್ನಿನಿಂದ ಶುರುಮಾಡಲಿ. ನೇರ ದಾರಿಯನ್ನು ಸೈಕಲ್‌ನವರು ಹೇಗೋ ನಿಭಾಯಿಸಿಕೊಳ್ಳುತ್ತಾರೆ.