ಸುಳ್ಳು ಹೇಳುವ ಕೊಳಲು

ಧಾರಾವಾಹಿಯ ಸಂಗೀತವನ್ನು ಬೈಯುವವರು ಮೊದಲು ಎತ್ತುವ ಮಾತು ಒಂದೇ. ಪ್ರೀತಿಯ ದೃಶ್ಯ ಬಂತೆಂದರೆ ಹಳೇ ಟ್ಯೂನೇ, ದಿನಾ ಅದೇ ಕೊಳಲು, ಅದೇ ಪಿಟೀಲು. ಹೊಸದೊಂದು ಸ್ವರವೂ ಹೊಳೆಯದಷ್ಟು ಬರಗಾಲವೇ ಎಂದು ಕೇಳುತ್ತಾರೆ. ಕೊಟ್ಟೂರಿನ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಓದಿಕೊಂಡವರು ಹೀಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ನಾನು ಇದನ್ನು ಒಪ್ಪುವುದಿಲ್ಲ. ಧಾರಾವಾಹಿಯ ಪ್ರೇಮಕ್ಕೆ ಒಂದು ಟ್ಯೂನು ಇರಬೇಕು, ಅದು ಮತ್ತೆ ಮತ್ತೆ ಬರಲೇಬೇಕು. ನಮ್ಮ ಸಂಗೀತ ನಿರ್ದೇಶಕರು ಎಡವುತ್ತಿರುವುದು ಬೇರೆ ಕಡೆ. ಈ ಹಳೇ ದೂರಿನಿಂದಾಗಿ ಆ ತಪ್ಪು ಕಣ್ಣಿಗೆ ಬೀಳುತ್ತಿಲ್ಲ.

ಹೂವಿನಹಡಗಲಿಯಲ್ಲಿ ನಮ್ಮ ಚಿಗವ್ವನ ಮನೆ ಇದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮಲ್ಲಿಗೆಯ ಊರು ಅದು. ಮದುವೆ ಸುಗ್ಗಿಯ ಒಂದು ಸಂಜೆ ಅಲ್ಲಿದ್ದೆ. ಪಡಸಾಲೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಮೊಗ್ಗಿನ ರಾಶಿ. ಚಿಗವ್ವ, ಪಕ್ಕದ ಮನೆಯ ಇಬ್ಬರು ಕಾಲು ಚಾಚಿ ಕೂತು ಮರುದಿನದ ಮದುವೆಗೆ ಹೂ ಕಟ್ಟುತ್ತಿದ್ದರು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ದಾರದ ಒಂದು ಸುತ್ತು, ಒಂದು ಬಿಗಿ. ಟೀವಿ ಅವರ ಬೆನ್ನ ಹಿಂದಿತ್ತು. ಧಾರಾವಾಹಿ ನಡೆದಿತ್ತು. ಮೂವರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ, ಆದರೆ ಕಥೆಯ ಒಂದೆಳೆಯೂ ಅವರಿಗೆ ತಪ್ಪಲಿಲ್ಲ. ಕೊಳಲು ಎದ್ದ ಕೂಡಲೇ ಪಕ್ಕದ ಮನೆಯಾಕೆ, "ಬಂದ ನೋಡ್ರಿ ಅವ" ಅಂದರು. ನಾನು ನೋಡಿದೆ. ನಾಯಕ ಬಾಗಿಲಲ್ಲಿ ನಿಂತಿದ್ದ. ಸ್ವಲ್ಪ ಹೊತ್ತಿಗೆ ಅವನು ಹೆಂಡತಿಗೆ ಏನೋ ಸಬೂಬು ಹೇಳತೊಡಗಿದ. ಕೊಳಲು ಮಾತ್ರ ಮೊದಲಿನ ಹಾಗೇ ಜೇನು ಸುರಿಸುತ್ತಿತ್ತು. ಚಿಗವ್ವನ ಬೆರಳು ನಿಂತವು.

"ಅವ ಸುಳ್ಳು ಹೇಳಾಕತ್ತಾನ. ಕೊಳಲ್ಯಾಕ ಹಂಗ ಊದತೈತಿ?"

ಧಾರಾವಾಹಿ ಸಂಗೀತದ ಬಗ್ಗೆ ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ. ಟ್ಯೂನು ನಿನ್ನೆಯದೇ ಎಂಬುದು ಅವಳ ತಕರಾರಾಗಿರಲಿಲ್ಲ. ನಿನ್ನೆಯದೇ ಆಗಿದ್ದರಿಂದಲೇ ಬೆನ್ನು ಹಾಕಿ ಕೂತ ಮೂವರಿಗೂ ಬಂದವನು ಯಾರೆಂದು ಗೊತ್ತಾಯಿತು. ದಿನಕ್ಕೊಂದು ಹೊಸ ಟ್ಯೂನು ಹಾಕಿದ್ದರೆ ಅವರು ಹೂ ಬಿಟ್ಟು ತಿರುಗಬೇಕಾಗುತ್ತಿತ್ತು. ಧಾರಾವಾಹಿಯನ್ನು ನೋಡುತ್ತಾರೆ ಎಂದು ನಾವು ಹೇಳುತ್ತೇವೆ, ಆದರೆ ರೊಟ್ಟಿ ಬಡಿಯುವವರು, ಹೂ ಕಟ್ಟುವವರು, ಕಾಳು ಹಸನು ಮಾಡುವವರು ಅದನ್ನು ಕೇಳುತ್ತಾರೆ. ಅವರಿಗೆ ಆ ನಾಲ್ಕು ಸ್ವರ ಕೂಗಿ ಕರೆದ ಹಾಗೆ. ಕರೆಯುವ ಹೆಸರನ್ನು ದಿನಾ ಬದಲಿಸಲು ಬರುವುದಿಲ್ಲ. ಆದರೆ ಒಂದೇ ಹೆಸರನ್ನು ಪ್ರೀತಿಯಿಂದಲೂ ಕರೆಯಬಹುದು, ಸಿಟ್ಟಿನಿಂದಲೂ ಕರೆಯಬಹುದು, ಅಳುತ್ತಲೂ ಕರೆಯಬಹುದು. ನಮ್ಮ ಧಾರಾವಾಹಿಗಳಲ್ಲಿ ಇಲ್ಲದ್ದು ಅದು. ಟ್ಯೂನನ್ನು ಮತ್ತೆ ಮತ್ತೆ ಹಾಕುತ್ತಾರೆ, ಮತ್ತೆ ಮತ್ತೆ ಕಟ್ಟುವುದಿಲ್ಲ.

ಕಟ್ಟುವುದು ಹೇಗೆಂದು ಕಲಿಯಲು ಈ ಸೀಮೆಯವರು ದೂರ ಹೋಗಬೇಕಿಲ್ಲ. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಬಯಲಾಟ ರಾತ್ರಿಯಿಡೀ ನಡೆಯುತ್ತದೆ. ಒಂದು ಪಾತ್ರಕ್ಕೆ ಎರಡು ಮೂರು ಮಟ್ಟು ಇದ್ದರೆ ಹೆಚ್ಚು. ಹುಡುಗನಾಗಿದ್ದಾಗ ಹರಪನಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ‘ರತಿ ಕಲ್ಯಾಣ’ ನೋಡಿದ್ದೆ. ಜಾಗ ಸಿಕ್ಕಿದ್ದು ಪೇಟಿ ಮಾಸ್ತರರ ಮಗ್ಗುಲಲ್ಲಿ, ಹಾಗಾಗಿ ಆಟಕ್ಕಿಂತ ಅವರ ಕೈಯನ್ನೇ ಹೆಚ್ಚು ನೋಡಿದೆ. ರತಿ ಮೊದಲು ರಂಗಕ್ಕೆ ಬಂದಾಗ ಅವಳ ಮಟ್ಟು ಮದ್ದಲೆ, ತಾಳ, ಮುಖವೀಣೆ ಎಲ್ಲ ಸೇರಿ ಕುಣಿತದ ವೇಗದಲ್ಲಿತ್ತು. ನಸುಕಿನ ಹೊತ್ತಿಗೆ, ವಿರಹದ ಪದಕ್ಕೆ, ಮಾಸ್ತರರು ಅದೇ ಮಟ್ಟನ್ನು ಹಿಡಿದರು. ಮದ್ದಲೆ ಸುಮ್ಮನಾಯಿತು. ಅವರ ಎಡಗೈ ತಿದಿಯನ್ನು ಎಷ್ಟು ಮೆಲ್ಲಗೆ ಒತ್ತಿತೆಂದರೆ ಸ್ವರ ಹುಟ್ಟುವ ಮೊದಲು ಗಾಳಿಯ ಸದ್ದು ಕೇಳಿಸಿತು. ಸಾಲಿನ ಕೊನೆಯ ಸ್ವರ ಅವರು ನುಡಿಸಲೇ ಇಲ್ಲ. ರಾತ್ರಿಯೆಲ್ಲ ಕೇಳಿದ್ದರಿಂದ ಆ ಸ್ವರ ನಮ್ಮೊಳಗೇ ಇತ್ತು. ನನ್ನ ಪಕ್ಕದ ಅಜ್ಜ ಕಣ್ಣು ಒರೆಸಿಕೊಂಡ. ಮೊದಲ ಸಲ ಕೇಳಿದ ಮಟ್ಟಾಗಿದ್ದರೆ, ಅದು ಎಷ್ಟೇ ಮಧುರವಾಗಿರಲಿ, ಅಜ್ಜ ಅಳುತ್ತಿರಲಿಲ್ಲ.

ಹಳ್ಳಿಯವರಿಗೆ ಇಂಥ ಸೂಕ್ಷ್ಮ ತಿಳಿಯದು, ಅವರಿಗೆ ಜೋರಾಗಿ ಬಾರಿಸಿದರೆ ಸಾಕು ಎಂಬ ಮಾತೂ ಇದೆ. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಹಗರಿಬೊಮ್ಮನಹಳ್ಳಿಗೆ ಹತ್ತಿರದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಜೋಗತಿಯರ ಪರಂಪರೆಯ ಚೌಡಿಕೆ ವಾದ್ಯಕ್ಕೆ ಇರುವುದು ಒಂದೇ ತಂತಿ. ಆ ತಂತಿಯ ಮೇಲೆ ಎಲ್ಲಮ್ಮನ ಕಥೆಯಷ್ಟನ್ನೂ ಕೇಳಿ ಬೆಳೆದ ಜನ ಇವರು. ಇಂಥವರ ಕಿವಿಯನ್ನು ದಡ್ಡ ಎನ್ನಬೇಡಿ.

ಇನ್ನೊಂದು ಪಾಠ ಹಡಗಲಿ ತಾಲ್ಲೂಕಿನ ಮೈಲಾರದ್ದು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಭವಿಷ್ಯ ನುಡಿಯುವ ಕಾರಣಿಕದಂದು, ಗೊರವಯ್ಯ ಬಿಲ್ಲನ್ನು ಏರುತ್ತಾನೆ. "ಸದ್ದಲೇ" ಎನ್ನುತ್ತಾನೆ. ಡೆಂಕನಮರಡಿಯಲ್ಲಿ ನೆರೆದ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಆಮೇಲೆ ಒಂದೇ ಒಂದು ನುಡಿ. ಅದರ ಅರ್ಥವನ್ನು ಮಳೆಗೂ ಬೆಳೆಗೂ ರಾಜಕೀಯಕ್ಕೂ ಹಚ್ಚಿ ಜನ ವರ್ಷವಿಡೀ ಮಾತಾಡುತ್ತಾರೆ. ಪ್ರೇಮದ ಟ್ಯೂನು ಅಷ್ಟು ಚಿಕ್ಕದಾಗಿರಬೇಕು, ಅಷ್ಟು ಅರ್ಥಕ್ಕೆ ಎಡೆ ಕೊಡಬೇಕು. ಅದಕ್ಕಿಂತ ಮೊದಲು ಆ "ಸದ್ದಲೇ" ಬೇಕು. ನಮ್ಮ ಧಾರಾವಾಹಿಯಲ್ಲಿ ಮೌನವೇ ಇಲ್ಲ. ಅತ್ತೆ ಹುಬ್ಬು ಏರಿಸಿದರೆ ಗುಡುಗು, ಕಾಫಿ ಲೋಟ ಇಟ್ಟರೆ ತಂಬೂರಿ. ಇಷ್ಟೆಲ್ಲ ಗದ್ದಲ ದಾಟಿ ಬರುವ ಕೊಳಲಿಗೆ ಮನಸ್ಸಿನಲ್ಲಿ ಜಾಗ ಎಲ್ಲಿದೆ?

ಮರುಕಳಿಸುವುದೇ ದೋಷವಾಗಿದ್ದರೆ ‘ಪಲ್ಲವಿ ಅನುಪಲ್ಲವಿ’ ಇಷ್ಟು ಹೊತ್ತಿಗೆ ಸತ್ತಿರಬೇಕಿತ್ತು. 1983ರ ಆ ಚಿತ್ರದಲ್ಲಿ ಇಳಯರಾಜ ಒಂದೇ ಎಳೆಯನ್ನು ಹಾಡಿನಲ್ಲೂ ಹಿನ್ನೆಲೆಯಲ್ಲೂ ನೇಯ್ದರು. ದಶಕಗಳ ಮೇಲೆ ಐಡಿಯಾ ಮೊಬೈಲ್ ಕಂಪನಿ ಅದನ್ನೇ ಜಾಹೀರಾತಿಗೆ ಬಳಸಿದಾಗ, ಚಿತ್ರದ ಹೆಸರೂ ಕೇಳದವರು ಅದನ್ನು ಗುನುಗಿದರು. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ಗೆ ಎಲ್. ವೈದ್ಯನಾಥನ್ ಕೊಟ್ಟ ಟ್ಯೂನನ್ನು ಸಾಕು ಎಂದವರನ್ನು ನಾನು ಕಂಡಿಲ್ಲ. ಅದು ವಾರಕ್ಕೊಮ್ಮೆ ಬರುತ್ತಿತ್ತು, ಈಗಿನ ಧಾರಾವಾಹಿಯದು ದಿನಾ ಬರುತ್ತದೆ ಎನ್ನಬಹುದು. ನಿಜ. ದಿನಾ ಬರುವುದಾದರೆ ಟ್ಯೂನು ಇನ್ನೂ ಗಟ್ಟಿಯಾಗಿರಬೇಕು, ಬಿಡಿಸಿ ಜೋಡಿಸಲು ಬರುವಂತಿರಬೇಕು. 1990ರಲ್ಲಿ ಅಮೆರಿಕದ ಟೀವಿಯಲ್ಲಿ ಬಂದ ‘ಟ್ವಿನ್ ಪೀಕ್ಸ್’ಗೆ ಆಂಜೆಲೊ ಬಾದಲಮೆಂಟಿ ಕಟ್ಟಿದ ಲಾರಾ ಪಾಮರ್ ಥೀಮ್ ಹಾಗಿದೆ. ಮಂದ್ರದಲ್ಲಿ ಕತ್ತಲೆ ಕವಿದ ಹಾಗೆ ಸುಳಿದಾಡಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, ಎತ್ತರದಲ್ಲಿ ಬೆಳಕು ಕಂಡು, ಮತ್ತೆ ಕತ್ತಲೆಗೇ ಇಳಿಯುತ್ತದೆ. ಕೆಳಗಿನ ಭಾಗವಷ್ಟನ್ನೇ ಹಾಕಿದರೆ ಅಂಜಿಕೆ, ಏರುವ ಭಾಗ ಹಾಕಿದರೆ ಪ್ರೀತಿ. ಎರಡಕ್ಕೂ ಒಂದೇ ಬೇರು.

ನಮ್ಮಲ್ಲಿ ಹಾಗಾಗದಿರುವುದಕ್ಕೆ ಕಾರಣ ಪ್ರತಿಭೆಯ ಕೊರತೆ ಅಲ್ಲವೆಂದೇ ನಂಬಿದ್ದೇನೆ. ವಾರಕ್ಕೆ ಐದಾರು ಕಂತು, ಜಾಹೀರಾತು ಬಿಟ್ಟು ಕಂತಿಗೆ 20-22 ನಿಮಿಷ, ಸಾವಿರ ಕಂತು ದಾಟುವ ಕಥೆ. ಶುರುವಿನಲ್ಲಿ ಒಂದಷ್ಟು ಬಿಟ್ ಮಾಡಿಸಿಟ್ಟುಕೊಂಡು, ಆಮೇಲೆ ಎಡಿಟಿಂಗ್ ಟೇಬಲ್ಲಿನಲ್ಲಿ ಅವನ್ನೇ ಅಂಟಿಸುತ್ತ ಹೋಗುವ ಪದ್ಧತಿ ಬಂದದ್ದು ಈ ಅವಸರದಿಂದ. ಹಣ, ಮಾತುಕತೆ ಎಲ್ಲ ಟೈಟಲ್ ಸಾಂಗಿಗೆ. ಒಳಗೆ ದಿನಕ್ಕೆ ನಾಲ್ಕು ಸಲ ಬರುವ ಟ್ಯೂನಿಗೆ ಅರ್ಧ ದಿನವೂ ಸಿಗುವುದಿಲ್ಲ.

ಆದರೂ ಇದು ಆಗದ ಕೆಲಸವೇನಲ್ಲ. ದಿನಾ ವಾದ್ಯದವರನ್ನು ಕರೆಸಬೇಕಿಲ್ಲ. ಮೊದಲ ರೆಕಾರ್ಡಿಂಗಿನಲ್ಲೇ ಒಂದೇ ಎಳೆಯನ್ನು ಹತ್ತು ಬಗೆಯಲ್ಲಿ ನುಡಿಸಿಟ್ಟುಕೊಳ್ಳಬಹುದು. ಬರೀ ಮೊದಲ ಎರಡು ಸ್ವರ. ಲಯವಿಲ್ಲದೆ ಒಮ್ಮೆ. ಸಾರಂಗಿಯ ಮಂದ್ರದಲ್ಲಿ ಒಮ್ಮೆ. ಸುಳ್ಳಿನ ದೃಶ್ಯಕ್ಕೆಂದು ಒಂದು ಸ್ವರ ಕೋಮಲಕ್ಕೆ ಜಾರಿದ್ದು. ಕೊನೆಯ ಸ್ವರ ಇಲ್ಲದ್ದು ಹೆಚ್ಚಿರಲಿ. ಪೂರ್ತಿ ರೂಪವನ್ನು ತೆಗೆದಿಟ್ಟು, ಆ ಇಬ್ಬರೂ ನಿಜವಾಗಿ ಒಬ್ಬರನ್ನೊಬ್ಬರು ಅರಿತ ದಿನ, ಅದು ಐನೂರನೇ ಕಂತಾದರೂ ಸರಿ, ಅಂದು ಮೊದಲ ಬಾರಿ ಕೇಳಿಸಲಿ. ಯಾವ ದೃಶ್ಯಕ್ಕೆ ಯಾವುದನ್ನು ಹಾಕಬಾರದು ಎಂದು ಒಂದು ಹಾಳೆಯಲ್ಲಿ ಬರೆದು ಎಡಿಟರ್ ಕೈಗೆ ಕೊಟ್ಟರೆ ಖರ್ಚು ಏನೂ ಇಲ್ಲ.

ಟ್ಯೂನು ಬದಲಿಸಿ ಎಂದು ಸಂಗೀತ ನಿರ್ದೇಶಕರನ್ನು ದಯವಿಟ್ಟು ಪೀಡಿಸಬೇಡಿ. ಅವರನ್ನು ನಾನು ಕೇಳಿಕೊಳ್ಳುವುದು ಇಷ್ಟೇ: ಮುಂದಿನ ಸಲ ಪ್ರೇಮದ ಥೀಮ್ ಕಟ್ಟಲು ಕೂತಾಗ ಪರದೆಗೆ ಬೆನ್ನು ಹಾಕಿ ಕೂತು ಕೇಳಿ ನೋಡಿ. ಹಡಗಲಿಯ ಪಡಸಾಲೆಯಲ್ಲಿ ಹೂ ಕಟ್ಟುವವರು ಕೂರುವುದು ಹಾಗೆಯೇ.